ವಿದ್ಯುತ್ ಪರಿವರ್ತನೆಯ ಕವಾಟಗಳು

ಪರ್ಯಾಯ ಪ್ರವಾಹವನ್ನು ಏಕಮುಖ ಪ್ರವಾಹವಾಗಿಯೂ, ಏಕಮುಖ ಪ್ರವಾಹವನ್ನು ಮರಳಿ ಪರ್ಯಾಯ ಪ್ರವಾಹವಾಗಿಯೂ ಮಾರ್ಪಡಿಸುವ ವ್ಯವಸ್ಥೆಗಳಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುವ ಸಾಧನಕ್ಕೆ ಕವಾಟವೆಂದು ಹೆಸರು. ಮೊದಮೊದಲು ಈ ಕಾರ್ಯವನ್ನು ಒಂದೇ ಅಚ್ಚಿಗೆ ಜೋಡಿಸಿದ ಮೋಟಾರು ಮತ್ತು ಜನರೇಟರುಗಳು ನೆರವೇರಿಸುತ್ತಿದ್ದುವು. ಚಲಿಸುವ ಅಂಗಗಳಿಲ್ಲದ ಪಾದರಸದ ಕವಾಟವನ್ನು 1902ರಲ್ಲಿ ನಿರ್ಮಿಸಿದವರು ಅಮೆರಿಕದ ಪೀಟರ್ ಕೂಪರ್ ಹೆವಿಟ್. ಗಾಳಿ ತೆಗೆದ ಗಾಜಿನ ಬುರುಡೆಯ ತಳದಲ್ಲಿ ನಿಂತ ಪಾದರಸದಿಂದ ಇಲೆಕ್ಟ್ರಾನುಗಳು ಹೊಮ್ಮಿ, ನೇರಳೆಗೂಡಿದ ನೀಲಿ ಬೆಳಕನ್ನು ಬೀರುತ್ತ, ಪಕ್ಕದ ತೋಳುಗಳಲ್ಲಿರುವ ಧನಾಗ್ರಗಳತ್ತ ಹರಿಯುತ್ತಿದ್ದುವು.

ಟ್ರಾಮು, ಕಾರ್ಖಾನೆಗಳಿಗೆ ಈ ಬುರುಡೆ ಸಾಕಾಯಿತು. ಆದರೆ ವೋಲ್ಟೇಜು ಬಹಳ ಏರಿದಾಗ ಬುರುಡೆಯೊಳಗೆ ಹೀಗೆ ಬೆಳಗುವ ವಿದ್ಯುತ್ ಚಾಪವು ಹಠಾತ್ತನೆ ಹಿಮ್ಮೊಗವಾಗಿ ಹೊತ್ತಿಕೊಳ್ಳುತ್ತಿತ್ತು. ಸ್ವೀಡನ್ನಿನ ಲುಡ್ವೀಕಾದಲ್ಲಿ ಈ ತೊಡಕಿನ ಬೆನ್ನುಹತ್ತಿದ ಇಂಜಿನಿಯರ್ ಉನೊ ಲಾಮ್, ಪಿಂಗಾಣಿಯ ನಳಿಗೆಯೊಳಗೆ ಲೋಹದ ಮಧ್ಯಾಗ್ರಗಳನ್ನು ಸಾಲಾಗಿ ನಿಲ್ಲಿಸಿ, ಇಡಿಯ ವೋಲ್ಟೇಜನ್ನು ಅವುಗಳ ನಡುವೆ ಹಂಚುವ ಉಪಾಯಕ್ಕೆ 1929ರಲ್ಲಿ ಪೇಟೆಂಟು ಪಡೆದರು. ಅದು ಫಲಿಸಲು ಕಾಲು ಶತಮಾನ ಹಿಡಿಯಿತು. ಸಮುದ್ರತಳದ ಉದ್ದ ಕೇಬಲಿಗೆ ಪರ್ಯಾಯ ಪ್ರವಾಹವನ್ನು ಬಿಟ್ಟರೆ ಕೇಬಲನ್ನು ಆವೇಶಗೊಳಿಸುವುದರಲ್ಲಿಯೇ ಅದರ ಸಾಮರ್ಥ್ಯದ ಬಹುಭಾಗ ವ್ಯಯವಾಗುವುದರಿಂದ, 1954ರಲ್ಲಿ ಲಾಮ್ ಅವರ ಕವಾಟಗಳ ನೆರವಿನಿಂದ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪಕ್ಕೆ 100 ಕಿಲೋವೋಲ್ಟಿನ ಏಕಮುಖ ಪ್ರವಾಹವಾಗಿ 20 ಮೆಗಾವಾಟ್ ವಿದ್ಯುತ್ತನ್ನು ಕಳುಹಿಸಲಾಯಿತು. ಈ ಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ಮಿಗಿಲಾದ ತಾಳ್ಮೆಯ ಸಾಧನೆ ಮತ್ತೊಂದಿಲ್ಲವೆಂದೇ ಹೇಳಬೇಕು.

1957ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಹೊರತಂದ ಥೈರಿಸ್ಟರ್ ಎಂಬ ಸಿಲಿಕಾನಿನ ಕವಾಟವು ಕ್ರಮೇಣ ಪಾದರಸವನ್ನು ಪದಚ್ಯುತಗೊಳಿಸಿತು. 1970ರಲ್ಲಿ ಗಾಟ್‌ಲ್ಯಾಂಡಿನಲ್ಲಿಯೂ ಅದು ಸೇರ್ಪಡೆಯಾಯಿತು. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗಳಿಗೆ ಪರ್ಯಾಯ ಪ್ರವಾಹವನ್ನು ಬರಮಾಡಿಕೊಂಡಿದ್ದ ಕೋಲಾರ ಸೀಮೆಗೆ, 2003ರಲ್ಲಿ ಒಡಿಶಾದ ತಾಲ್ಚೇರಿನಿಂದ 500 ಕಿಲೋವೋಲ್ಟಿನ ಏಕಮುಖ ಪ್ರವಾಹವು ಬಂದು ಮಾರ್ಪಡುವುದಕ್ಕೆ ತೊಡಗಿದ್ದು ಇಂಥ ಕವಾಟಗಳಲ್ಲಿಯೇ.

ಆದರೆ ಪಾದರಸಕ್ಕಿದ್ದ ಕೊರತೆ ಥೈರಿಸ್ಟರಿಗೂ ತಪ್ಪಲಿಲ್ಲ. ಬೇಕೆಂದಾಗ ಹೊತ್ತಿಸಬಹುದು, ನಂದಿಸಬೇಕಾದರೆ ಪ್ರವಾಹವು ತಾನಾಗಿ ಶೂನ್ಯಕ್ಕಿಳಿಯುವವರೆಗೆ ಕಾಯಬೇಕು. ಆದುದರಿಂದ ವಿದ್ಯುತ್ತು ತಲಪುವ ಕೊನೆಯಲ್ಲಿ ಬಲವಾದ ಪರ್ಯಾಯ ಪ್ರವಾಹದ ಜಾಲವು ಮೊದಲೇ ಇರತಕ್ಕದ್ದು. ಈ ಬಂಧನವನ್ನು ಸಡಿಲಿಸಿದ್ದು, ಅತ್ಯಲ್ಪ ಶಕ್ತಿಯ ಆಜ್ಞೆಯಿಂದಲೇ ದೊಡ್ಡ ಪ್ರವಾಹವನ್ನು ಹೊತ್ತಿಸಲೂ ನಂದಿಸಲೂ ಬಲ್ಲ ಐಜಿಬಿಟಿ ಎಂಬ ಟ್ರಾನ್ಸಿಸ್ಟರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗ ಅವರು ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ, 1980ರ ದಶಕದ ಮೊದಲಲ್ಲಿ, ಅದನ್ನು ಬಳಕೆಯ ವಸ್ತುವಾಗಿಸಿದರು. ಪ್ರವಾಹ ಹೆಚ್ಚಿದಾಗ ಅದು ನಂದದೆ ಕಚ್ಚಿಕೊಂಡುಬಿಡುತ್ತಿದ್ದ ದೋಷವನ್ನು ನೀಗಿಸುವಲ್ಲಿ ಜಪಾನಿನ ತೋಷಿಬಾದವರ ದುಡಿಮೆಯೂ ಸ್ಮರಣೀಯ.

ಐಜಿಬಿಟಿ ಕವಾಟಗಳಿಂದ ಏಕಮುಖ ಪ್ರಸರಣದ ಮೊದಲ ಪ್ರಯೋಗವೂ 1997ರಲ್ಲಿ ಸ್ವೀಡನ್ನಿನಲ್ಲಿಯೇ, 3 ಮೆಗಾವಾಟಿನ ಮಟ್ಟದಲ್ಲಿ ನಡೆಯಿತು. ಭಾರತದಲ್ಲಿ ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶ್ಶೂರಿಗೆ, ಭಾಗಶಃ ನೆಲದಡಿಯ ಕೇಬಲಿನಲ್ಲಿ ಸಾಗುವ 2000 ಮೆಗಾವಾಟಿನ ಇಂಥ ಮಾರ್ಗವು 2021ರಲ್ಲಿ ಕಾರ್ಯಾರಂಭ ಮಾಡಿತು.