ಚಾರ್ಜು ಓದುವ ದಿನ

ನಮ್ಮ ದೊಡ್ಡಪ್ಪ ಕೋರ್ಟಿಗೆ ಹೊರಟ ದಿನ ನಾನೂ ಜೊತೆಗಿದ್ದೆ. ಬಸವಾಪಟ್ಟಣದಲ್ಲಿ ಬಸ್ಸು ಹತ್ತಿದಾಗಿನಿಂದ ಅವನ ತುಟಿ ಅಲ್ಲಾಡುತ್ತಲೇ ಇತ್ತು. ಜಡ್ಜ್ ಸಾಹೇಬರು ಕೇಳಿದರೆ ಏನು ಹೇಳಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ. ಯಾರೂ ಕೇಳಲಿಲ್ಲ. ಕೇಸಿನ ನಂಬರು ಕೂಗಿದರು. ನಾಲ್ಕು ಜನ ಆರೋಪಿಗಳು ಎದ್ದು ನಿಂತರು. ಚಾರ್ಜು ಓದಿ ಹೇಳಿದ್ದಾಯಿತು. 'ಮಾಡಿಲ್ಲ ಸ್ವಾಮಿ' ಎಂದು ನಾಲ್ಕೂ ಜನ ಹೇಳಿದರು, ಸಹಿ ಹಾಕಿದರು, ಮುಂದಿನ ತಾರೀಖು ಬಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತು. ಹೊರಗೆ ಬಂದ ದೊಡ್ಡಪ್ಪ, 'ಏಟು ತಿಂದೋನು ನಾನು. ನನ್ನ ಒಂದ್ಮಾತೂ ಕೇಳ್ಲಿಲ್ಲಲ್ಲೋ' ಅಂದ.

ಕಾನೂನಿನ ಪ್ರಕಾರ ಅಂದು ಕೇಳುವಂಥದ್ದೇನೂ ಇರಲಿಲ್ಲ. ಸೆಷನ್ಸ್ ಕೇಸಿನಲ್ಲಿ ದೋಷಾರೋಪಣೆಯ ದಿನ ಸಾಕ್ಷಿ ಇಲ್ಲ, ವಾದ ಇಲ್ಲ. ಆರೋಪಿಗೆ ಒಂದೇ ಪ್ರಶ್ನೆ: ಒಪ್ಪುತ್ತೀಯೋ, ವಿಚಾರಣೆ ಬೇಕೋ? 1973ರ ದಂಡ ಪ್ರಕ್ರಿಯಾ ಸಂಹಿತೆಯ 228ನೇ ಕಲಮಿನಲ್ಲಿದ್ದ ಈ ವಿಧಿ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 251ಕ್ಕೆ ಸ್ಥಳಾಂತರಗೊಂಡಿದೆ. ವಾದಿ ಸರ್ಕಾರ. ದೂರು ಕೊಟ್ಟವನು ಬರೀ ಸಾಕ್ಷಿ.

ಇದಕ್ಕಿಂತ ಹಳೆಯ ಒಂದು ಪದ್ಧತಿ ನಮ್ಮ ನೆಲದಲ್ಲೇ ಬರಹಕ್ಕಿಳಿದಿತ್ತು. ಯಾಜ್ಞವಲ್ಕ್ಯ ಸ್ಮೃತಿಗೆ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ವಿದ್ವಾಂಸರು ಹೊಗಳುತ್ತಾರೆ. ಪ್ರತಿವಾದಿಯ ಉತ್ತರವನ್ನು ದೂರುದಾರನ ಎದುರಲ್ಲೇ ಬರೆಯಬೇಕೆನ್ನುತ್ತದೆ ಆ ಸ್ಮೃತಿ. ಒಳ್ಳೆಯ ಮಾತೇ. ಆದರೆ ಅದೇ ಸ್ಮೃತಿ ಬೈಗುಳಕ್ಕೂ ಜಾತಿ ನೋಡಿ ದಂಡ ನಿಗದಿ ಮಾಡುತ್ತದೆ. ಆ ಎದುರಿನ ಜಾಗ ನಮ್ಮ ಕೇರಿಯವರಿಗೆ ಎಂದೂ ಸಿಕ್ಕಿರಲಾರದು. ನಮ್ಮೂರಿನ ಚರಿತ್ರೆ ಎಂದರೆ ಪಾಳೆಯಗಾರರು, ಕೋಟೆ. ಚಾವಡಿಯ ಹೊರಗೆ ಕೈಕಟ್ಟಿ ನಿಂತವರ ಚರಿತ್ರೆ ಬರೆದವರು ಯಾರು?

ನಿಜವಾದ ಜಗಳ ನಡೆಯುವುದು ಚಾರ್ಜು ಓದುವ ಮುಂಚೆ. ಕಟ್ಲೆ ಪಟ್ಟಿಯಲ್ಲಿ 'ಹೆಚ್‌ಬಿಸಿ' ಎಂದು ಕಾಣಿಸುವ ಹಂತ ಅದು. ಆರೋಪಿಯನ್ನು ಕೈಬಿಡಬೇಕೋ, ಯಾವ ಕಲಮು ಉಳಿಯಬೇಕೋ ಅಲ್ಲಿ ತೀರ್ಮಾನ. 1989ರ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 1990ರ ಜನವರಿ 30ರಂದು. ಅದರಡಿ ಜಾತಿ ನಿಂದನೆ ಅಪರಾಧವಾಗಬೇಕಾದರೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಬೈದದ್ದು ಹೊಟೇಲಿನ ಒಳಗೋ, ಅಡುಗೆಮನೆಯಲ್ಲೋ? ಇಂಥ ಪ್ರಶ್ನೆಯಲ್ಲಿ ಅವಮಾನ ಬಿದ್ದುಹೋಗುತ್ತದೆ, ಹೊಡೆದಾಟ ಮಾತ್ರ ಉಳಿಯುತ್ತದೆ. ದೊಡ್ಡಪ್ಪನ ಕೇಸಿನಲ್ಲಿ ಆದದ್ದೂ ಇದೇ. 2016ರ ಜನವರಿ 26ರಿಂದ ಜಾರಿಯಲ್ಲಿರುವ 15ಎ ಕಲಮು ಇದಕ್ಕೊಂದು ಬಾಗಿಲು ತೆರೆದಿದೆ. ಪ್ರತಿ ಕಲಾಪದ ಸೂಚನೆ ಸಂತ್ರಸ್ತನಿಗೆ ಸಕಾಲದಲ್ಲಿ ತಲುಪಬೇಕು. ಜಾಮೀನಿನಲ್ಲಿ, ಆರೋಪದಿಂದ ಕೈಬಿಡುವ ಅರ್ಜಿಯಲ್ಲಿ ಅವನ ಮಾತು ಕೇಳಬೇಕು. ಈ ಸೂಚನೆ ಕಡ್ಡಾಯವೆಂದು 2021ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ದೊಡ್ಡಪ್ಪನಿಗೆ ಯಾವ ಸೂಚನೆಯೂ ಬಂದಿರಲಿಲ್ಲ.

ಕೋರ್ಟು ಅವನನ್ನು ಕೇಳಲೇ ಇಲ್ಲ ಎಂದೂ ಅಲ್ಲ. ಅದೇ ಗಲಾಟೆಗೆ ಆ ಕಡೆಯವರು ಪ್ರತಿದೂರು ಕೊಟ್ಟಿದ್ದರು. ದೌರ್ಜನ್ಯದ ಕೇಸಿನ ಬೆನ್ನಿಗೆ ಇಂಥದ್ದೊಂದು ಹುಟ್ಟುವುದು ಹೋರಾಟಗಾರರಿಗೆ ಹೊಸದಲ್ಲ. ಅಲ್ಲಿ ಅವನೇ ಆರೋಪಿ. 'ತಪ್ಪು ಒಪ್ಕೋತೀಯಾ?' ಎಂದು ಅಲ್ಲಿ ಕೇಳಿದರು. 'ಹೂಂ ಅಂದ್ಬಿಡು, ದಂಡ ಕಟ್ಟಿ ಹೋಗೋಣ' ಎಂದು ಪಕ್ಕದವರೊಬ್ಬರು ಪಿಸುಗುಟ್ಟಿದ್ದರು. ದಿನಗೂಲಿಯವನಿಗೆ ಅದು ಸಲೀಸಾದ ದಾರಿ. ಹೂಂ ಅಂದಿದ್ದರೆ ಆ ಒಂದು ಅಕ್ಷರ ಅವನ ಕೇಸಿನ ಕುತ್ತಿಗೆಗೇ ಉರುಳಾಗುತ್ತಿತ್ತು. ಪುಣ್ಯಕ್ಕೆ ಅನ್ನಲಿಲ್ಲ.

ಚಾರ್ಜಿನ ದಿನಕ್ಕೂ ತೀರ್ಪಿನ ದಿನಕ್ಕೂ ನಡುವಿನ ದಾರಿ ಎಷ್ಟು ಉದ್ದ! ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲು ಸುಟ್ಟದ್ದಕ್ಕೆ ಕೊಪ್ಪಳದ ಕೋರ್ಟು 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ವಿಧಿಸಿತು. ಹತ್ತು ವರ್ಷ! ಎರಡು ತಿಂಗಳಲ್ಲಿ ಮುಗಿಸಲು ನೋಡಿ ಎನ್ನುತ್ತದೆ ಕಾಯ್ದೆ.

ನಮ್ಮ ಸೀಮೆಗೆ ಭದ್ರಾವತಿ ದೂರವಲ್ಲ. ಅಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ವಿಮರ್ಶೆ ಬರೆಯುತ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದವರು. ನಾವು ಕಾವ್ಯವನ್ನು ಓದುವಷ್ಟು ಎಚ್ಚರದಿಂದ ದೋಷಾರೋಪಣೆಯ ಪಠ್ಯವನ್ನು ಓದಿಲ್ಲ. ತೀರ್ಪಿಗೆ ಮುಂಚೆ ಯಾವಾಗ ಬೇಕಾದರೂ ಚಾರ್ಜು ತಿದ್ದುವ, ಸೇರಿಸುವ ಅಧಿಕಾರ ಕೋರ್ಟಿಗಿದೆ. ಬಿಟ್ಟುಹೋದ ಕಲಮಿನ ವಿಚಾರವನ್ನು ಒಂದೂವರೆ ಪುಟ ಬರೆದು ದೊಡ್ಡಪ್ಪನಿಗೆ ಓದಿ ಹೇಳಿದೆ. ಬೈದ ಮಾತನ್ನು ನಾನು 'ಜಾತಿ ಹಿಡಿದು ನಿಂದಿಸಿದರು' ಎಂದು ಬರೆದಿದ್ದೆ. 'ಹಂಗಲ್ಲ, ಅವರು ಅಂದ ಮಾತನ್ನೇ ಬರಿ' ಅಂದ. ಆ ಹಾಳೆ ಹಿಡಿದು ಸೋಮವಾರ ಸರ್ಕಾರಿ ವಕೀಲರ ಹತ್ತಿರ ಹೋಗುತ್ತಿದ್ದೇವೆ.