ಮಾನಸೋಲ್ಲಾಸದಲ್ಲಿ ಲೋಹಪ್ರವಾಹವಿಚಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ (1126–1138) ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ನಾಮಾಂತರವುಳ್ಳ ಗ್ರಂಥವು. ರಾಜಭೋಗಗಳ ವರ್ಣನೆಗಾಗಿ ಅದನ್ನು ಉದಾಹರಿಸುವುದು ವಾಡಿಕೆ. ಆದರೆ ಪ್ರಥಮ ವಿಂಶತಿಯ ಪ್ರತಿಮಾವಿಧಾನದಲ್ಲಿ, ಲೋಹವನ್ನು ಹೊಯ್ಯುವುದಕ್ಕೆ ಮುನ್ನವೇ ಅದರ ಗತಿಯನ್ನು ನಿಶ್ಚಯಿಸುವ ಕ್ರಮವೊಂದು ಉಕ್ತವಾಗಿದೆ. ಅದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಮೇಣದ ಪ್ರತಿಮೆಯನ್ನು ಮಾಡಿ, ಬೆನ್ನು, ಹೆಗಲು, ಕೊರಳು ಅಥವಾ ಕಿರೀಟದಲ್ಲಿ ನಾಳಗಳನ್ನಿಡತಕ್ಕದ್ದು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಇವುಗಳನ್ನು ಬೆರಸಿದ ಮಣ್ಣನ್ನು ಮೂರು ಸಲ ಲೇಪಿಸಿ ಒಣಗಿಸತಕ್ಕದ್ದು. ಬಳಿಕ ಮೇಣವನ್ನು ಕರಗಿಸಿ ಹೊರಡಿಸಿ, ನಾಳದ ಬಾಯಿ ತುಂಬುವವರೆಗೆ ಲೋಹವನ್ನು ಅವಿಚ್ಛಿನ್ನ ಧಾರೆಯಾಗಿ ಹೊಯ್ಯತಕ್ಕದ್ದು. ಇದಕ್ಕೆ ಯುಕ್ತಿಯೂ ಸ್ಪಷ್ಟ: ಹತ್ತಿ ಬೆಂದರೆ ಅಚ್ಚಿನಲ್ಲಿ ಸೂಕ್ಷ್ಮರಂಧ್ರಗಳುಂಟಾಗಿ ಆವಿಗೆ ದಾರಿಯಾಗುತ್ತದೆ, ಧಾರೆ ಮುರಿದರೆ ಮೊದಲು ಬಿದ್ದ ಲೋಹವು ಕೆನೆಗಟ್ಟಿ ಮುಂದಿನದರೊಡನೆ ಬೆಸೆಯದು.

ಗ್ರಂಥದ ವಿಶೇಷವಿರುವುದು ತೂಕದ ನಿಯಮದಲ್ಲಿ. ಮೊದಲೇ ತೂಗಿಟ್ಟ ಮೇಣಕ್ಕೆ ಬೆಳ್ಳಿ ಹನ್ನೆರಡರಷ್ಟು, ಚಿನ್ನ ಹದಿನಾರರಷ್ಟು ಬೇಕೆಂದು ವಿಧಿ. ಮೇಣದ ಸಾಂದ್ರತೆ ಸುಮಾರು 0.96, ಬೆಳ್ಳಿಯದು 10.5. ಆದುದರಿಂದ ಅಚ್ಚು ತುಂಬಲು ಹನ್ನೊಂದರಷ್ಟು ಬೆಳ್ಳಿ ಸಾಕು. ಉಳಿದುದು ವ್ಯಯಕ್ಕೆ ಮೀಸಲು. ಚಿನ್ನದಲ್ಲಿ ಮಾತ್ರ ಶಂಕೆ ಹುಟ್ಟುತ್ತದೆ. ಶುದ್ಧ ಸುವರ್ಣದ ಸಾಂದ್ರತೆ 19.3 ಆಗಿರುವುದರಿಂದ ಇಪ್ಪತ್ತರಷ್ಟು ಬೇಕು. ಹದಿನಾರರಷ್ಟು ಹೊಯ್ದರೆ ಪ್ರತಿಮೆ ಅಪೂರ್ಣವಾಗುತ್ತದೆ. ಅದೇ ಲೆಕ್ಕವು ಸುಮಾರು 18 ಕ್ಯಾರಟ್ಟಿನ ಮಿಶ್ರಸುವರ್ಣಕ್ಕೆ ಹೊಂದುತ್ತದೆ. ಸೂತ್ರಕಾರನ ಮನಸ್ಸಿನಲ್ಲಿದ್ದುದು ಬೆರಕೆಯ ಚಿನ್ನವೆಂದು ಊಹಿಸಲು ಇದು ಅವಕಾಶ ಕೊಡುತ್ತದೆ.

ಈ ಶಂಕೆ ಪುರಾತನರಿಗೆ ಮಾತ್ರ ಸಂಬಂಧಿಸಿದುದಲ್ಲ. 1978ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಆಸ್ಟಿನ್ ಎಂಬಾತನು ‘ಮೋಲ್ಡ್‌ಫ್ಲೋ’ ಸಂಸ್ಥೆಯನ್ನು ಸ್ಥಾಪಿಸಿ, ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಹರಿಯುವ ರೀತಿಯನ್ನು ಗಣಕದಿಂದ ಮುಂದಾಗಿ ತಿಳಿಯುವ ವಿದ್ಯೆಯನ್ನು ಬಳಕೆಗೆ ತಂದನು. ಇಂದು ದೊಡ್ಡಬಳ್ಳಾಪುರ ಅಥವಾ ನೆಲಮಂಗಲದ ಕಡೆಯಲ್ಲಿ ಉಕ್ಕಿನ ಅಚ್ಚನ್ನು ಕೊರೆಸುವವನ ಪ್ರಶ್ನೆಗಳೂ ಅವೇ: ನಾಳವೆಲ್ಲಿ, ಗಾಳಿಗೆ ದಾರಿಯೆಲ್ಲಿ, ಮೊದಲು ಹೆಪ್ಪುಗಟ್ಟುವ ಭಾಗವಾವುದು? ಉಕ್ಕನ್ನು ಕೊರೆಯುವುದಕ್ಕೆ ಮುನ್ನ ಕೇಳಿದರೆ ಈ ಪ್ರಶ್ನೆಗಳು ಫಲಿಸುತ್ತವೆ. ಕೊರೆದ ಮೇಲೆ ಅವು ಬಹುಮಟ್ಟಿಗೆ ದೋಷದ ಕಾರಣವನ್ನು ತಿಳಿಸುವುದಕ್ಕಷ್ಟೇ ಸಾಧನ. ಅದಕ್ಕಿಂತಲೂ ಮುಖ್ಯವಾದುದು, ಗಣಿತಕ್ಕೆ ಒಪ್ಪಿಸಿದ ದ್ರವ್ಯವೂ ಅಚ್ಚಿಗೆ ಹೊಯ್ದ ದ್ರವ್ಯವೂ ಒಂದೇ ಆಗಿರುವುದು. ಹದಿನಾರರ ಸಂಖ್ಯೆ ಬೆರಕೆಯ ಚಿನ್ನಕ್ಕೆ ಸಾಧು, ಶುದ್ಧ ಚಿನ್ನಕ್ಕೆ ಅಸಾಧು. ದ್ರವ್ಯಪರೀಕ್ಷೆಯಿಲ್ಲದ ಗಣಿತವು, ಎಷ್ಟೇ ಸೂಕ್ಷ್ಮವಾಗಿರಲಿ, ಪ್ರಮಾಣವಾಗಲಾರದು.