ಎರಡನೇ ಬೆಳೆಯ ನಿರ್ಧಾರ: ಬಳ್ಳಾರಿ ಜಿಲ್ಲೆಯ ತುಂಗಭದ್ರಾ ಅಚ್ಚುಕಟ್ಟು

ಮುಂಗಾರು ಭತ್ತ ಕೊಯ್ಲಾದ ಮೇಲೆ ಅದೇ ಗದ್ದೆಗೆ ಬೇಸಿಗೆ ಬೆಳೆ ಹಾಕಬೇಕೆ, ಹಾಕಿದರೆ ಯಾವುದನ್ನು, ನೀರು ಕೈಕೊಡುವ ಸೂಚನೆ ಕಂಡರೆ ಯಾವ ಹಂತದಲ್ಲಿ ಕೈಬಿಡಬೇಕು ಎಂದು ತುಂಗಭದ್ರಾ ಅಚ್ಚುಕಟ್ಟಿನ ರೈತರು ವರ್ಷವರ್ಷವೂ ಮಾಡುವ ಆಯ್ಕೆಯೇ ಎರಡನೇ ಬೆಳೆಯ ನಿರ್ಧಾರ. ಸಿರುಗುಪ್ಪದ ಭತ್ತದ ಗದ್ದೆಗಳಲ್ಲೂ ಕುರುಗೋಡು ಮತ್ತು ಬಳ್ಳಾರಿ ತಾಲ್ಲೂಕುಗಳ ಮೆಣಸಿನಕಾಯಿ ಹೊಲಗಳಲ್ಲೂ ಕುಟುಂಬವೊಂದರ ವರ್ಷದ ಬದುಕು ಈ ಆಯ್ಕೆಯ ಮೇಲೆ ನಿಂತಿದೆ. ಮುಂದೇನಾಗುವುದೆಂದು ತಿಳಿಯದಿರುವಾಗ ಹೇಗೆ ತೀರ್ಮಾನಿಸಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಸಿಗುವ ಸ್ಪಷ್ಟ ನಿದರ್ಶನಗಳಲ್ಲಿ ಇದೂ ಒಂದು.

ಹಿನ್ನೆಲೆ

ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ ಕೆಲಸ 1945ರಲ್ಲಿ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯಗಳ ಜಂಟಿ ಯೋಜನೆಯಾಗಿ ಆರಂಭವಾಯಿತು. 1953ರಲ್ಲಿ ನೀರು ಸಂಗ್ರಹ ಶುರುವಾಯಿತು. ಆಗ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳು ತುಂಬಿ ಈಗ ಸುಮಾರು 105.8 ಟಿಎಂಸಿ ಅಡಿಗೆ ಇಳಿದಿದೆ. ಬಲದಂಡೆಯ ಕೆಳಮಟ್ಟದ ಕಾಲುವೆ ಸಿರುಗುಪ್ಪದ ಕಡೆ ಹರಿದು ಕರ್ನೂಲು ಜಿಲ್ಲೆಗೂ, ಮೇಲ್ಮಟ್ಟದ ಕಾಲುವೆ ಬಳ್ಳಾರಿಯ ಕಡೆಯಿಂದ ಅನಂತಪುರಕ್ಕೂ ಸಾಗುತ್ತವೆ. ಯಾವ ಕಾಲುವೆಗೆ ಎಷ್ಟು ನೀರು, ಯಾವ ದಿನದವರೆಗೆ ಎಂಬುದನ್ನು ಜಲಾಶಯದ ಸಂಗ್ರಹ ನೋಡಿ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ರೈತರ ಬಾಯಲ್ಲಿ ಇದು 'ಐಸಿಸಿ'.

ತೊಡಕು ಇರುವುದು ಕಾಲದಲ್ಲಿ. ಬೇಸಿಗೆ ಭತ್ತಕ್ಕೆ ನವೆಂಬರ್–ಡಿಸೆಂಬರ್‌ನಲ್ಲಿ ಸಸಿಮಡಿ ಹಾಕಬೇಕು. ತೆನೆ ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಆ ದಿನಗಳಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಅಂದರೆ ಬೀಜ ಹಾಕುವ ದಿನವೇ ಮೂರು ನಾಲ್ಕು ತಿಂಗಳಾಚೆಯ ನೀರಿನ ಮೇಲೆ ಹಣ ಹೂಡಿದಂತೆ. ಮೇಲ್ಭಾಗದವರಿಗೆ ಸಿಕ್ಕ ನೀರು ಕೊನೆಭಾಗದ ಹೊಲಕ್ಕೆ ತಲುಪುತ್ತದೆಂಬ ಭರವಸೆಯೂ ಇಲ್ಲ. ಹೀಗಾಗಿ ಒಂದೇ ಕಾಲುವೆಯ ಮೇಲಿನ ಇಬ್ಬರಿಗೆ ಒಂದೇ ನಿರ್ಧಾರ ಸರಿಹೊಂದದು.

ಕೈಬಿಡುವ ಲೆಕ್ಕ

ಹಾಕಿದ ಹಣ ವಾಪಸು ಬರಲಿ ಎಂಬ ಆಸೆಯಿಂದ ಇನ್ನಷ್ಟು ಹಣ ಹಾಕುವುದು ಮನುಷ್ಯನ ಸಹಜ ಗುಣ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ, ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ದೊಡ್ಡದೆಂದು ವಿವರಿಸಿದರು. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್, ಖರ್ಚಾಗಿ ಹೋದ ಹಣ ಮುಂದಿನ ನಿರ್ಧಾರವನ್ನು ಹೇಗೆ ದಾರಿ ತಪ್ಪಿಸುತ್ತದೆಂದು ಪ್ರಯೋಗಗಳಿಂದ ತೋರಿಸಿದರು.

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ರೈತನೊಬ್ಬ ಉಳುಮೆ, ಸಸಿ, ನಾಟಿ, ಗೊಬ್ಬರಕ್ಕೆ ಎಕರೆಗೆ 25,000 ರೂಪಾಯಿ ಖರ್ಚು ಮಾಡಿದ್ದಾನೆ. ಕೊಯ್ಲಿನವರೆಗೆ ಇನ್ನೂ 15,000 ಬೇಕು. ನೀರು ಬಂದರೆ 50,000 ಕೈಗೆ ಬರುತ್ತದೆ, ಬಾರದಿದ್ದರೆ ಏನೂ ಇಲ್ಲ. ನೀರು ಬರುವ ಸಾಧ್ಯತೆ ಅರ್ಧಕ್ಕರ್ಧ ಇದ್ದರೆ ನಿರೀಕ್ಷೆಯ ಬೆಲೆ 25,000. ಅದು 15,000ಕ್ಕಿಂತ ಹೆಚ್ಚಾದ್ದರಿಂದ ಲೆಕ್ಕ ಮುಂದುವರಿಯಲು ಹೇಳುತ್ತದೆ. ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದರೆ ನಿರೀಕ್ಷೆ 12,500 ಮಾತ್ರ. ಆಗ ಅಲ್ಲಿಗೇ ನಿಲ್ಲಿಸುವುದು ಲೇಸು. ಎರಡೂ ಲೆಕ್ಕಗಳಲ್ಲಿ ಮೊದಲು ಖರ್ಚಾದ 25,000ಕ್ಕೆ ಜಾಗವಿಲ್ಲ. ಸಾಲ ಮಾಡಿ ಬೇಸಾಯ ಮಾಡುವವನಾದರೆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಅಂಥವನು ಇನ್ನೂ ಬೇಗ ನಿಲ್ಲಿಸಬೇಕಾಗುತ್ತದೆ.

ಕ್ರೆಸ್ಟ್‌ಗೇಟ್ ಪ್ರಕರಣ, 2024–25

2024ರ ಆಗಸ್ಟ್ 10ರ ರಾತ್ರಿ ಜಲಾಶಯದಿಂದ ನೀರು ಹೊರಬಿಡುವ 33 ಕ್ರೆಸ್ಟ್‌ಗೇಟ್‌ಗಳ ಪೈಕಿ 19ನೆಯದರ ಚೈನ್‌ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಸುಮಾರು 60 ಟಿಎಂಸಿ ಅಡಿ ನೀರನ್ನು ನದಿಗೆ ಬಿಟ್ಟು ಮಟ್ಟ ಇಳಿಸಿದ ಮೇಲಷ್ಟೇ ದುರಸ್ತಿ ಸಾಧ್ಯ ಎಂಬ ಅಂದಾಜು ಮೊದಲು ಬಂತು. ಆದರೆ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ, ಗೇಟಿನ ಜಾಗ ಮುಚ್ಚುವ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸುವ ಪ್ರಯತ್ನ ನಡೆಯಿತು. ಆಗಸ್ಟ್ 16ರಂದು ಮೊದಲ ಭಾಗ ಕೂತಿತು, ಮರುದಿನ ಕೆಲಸ ಮುಗಿಯಿತು. ಅದೇ ಮಳೆಗಾಲದ ಒಳಹರಿವು ಜಲಾಶಯವನ್ನು ಮತ್ತೆ ತುಂಬಿಸಿತು. ಪ್ರಯತ್ನ ಸೋತಿದ್ದರೂ ನೀರು ಇಳಿಸುವ ಮೊದಲ ದಾರಿ ತೆರೆದೇ ಇರುತ್ತಿತ್ತು. ಸೋತರೆ ಆಗುವ ಹಾನಿ ಸಣ್ಣದು, ಗೆದ್ದರೆ ಉಳಿಯುವುದು ದೊಡ್ಡದು ಎನ್ನುವಾಗ ಪ್ರಯತ್ನಿಸಿ ನೋಡುವುದೇ ವಿವೇಕ. ಅಲ್ಲಿ ದುಡಿದವರನ್ನು ಮೆಚ್ಚಬೇಕಾದದ್ದು ಫಲ ಸಿಕ್ಕಿತೆಂಬ ಕಾರಣಕ್ಕಷ್ಟೇ ಅಲ್ಲ.

ಮುಂದಿನ ಹೆಜ್ಜೆ ಇದಕ್ಕೆ ತದ್ವಿರುದ್ಧ ಸ್ವರೂಪದ್ದು. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಹಳೆಯ ಗೇಟ್‌ಗಳನ್ನು ಬದಲಿಸಲು ಸಲಹೆ ನೀಡಿತು. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಗೊಳಿಸಲಾಯಿತು. ಗೇಟ್ ಅಳವಡಿಕೆಗೆ ಜಲಾಶಯದ ನೀರಿನ ಮಟ್ಟ ಇಳಿದಿರಬೇಕಾದ್ದರಿಂದ 2025ರ ನವೆಂಬರ್‌ನಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಹೊರಬಿತ್ತು. ರೈತರು ಪ್ರತಿಭಟಿಸಿದರು. ಒಂದು ಹಂಗಾಮನ್ನು ಬಿಟ್ಟುಕೊಟ್ಟು ಮುಂದಿನ ಅನೇಕ ಹಂಗಾಮುಗಳನ್ನು ಕಾಯುವ ಆಯ್ಕೆ ಇದು. ಆದರೆ ಬಿಟ್ಟುಕೊಡುವ ಭಾರ ಬೀಳುವುದು ಸಣ್ಣ ರೈತ, ಗುತ್ತಿಗೆ ರೈತ ಮತ್ತು ಕೂಲಿಯವರ ಮೇಲೆ ಎಂಬುದನ್ನು ಮರೆಯಲಾಗದು.

ಮೆಣಸಿನಕಾಯಿ

ಕೀಟ ಮತ್ತು ಬೆಲೆ ಈ ಬೆಳೆಯ ಅನಿಶ್ಚಿತತೆಗಳು. 2021–22ರಲ್ಲಿ ಕಪ್ಪು ಥ್ರಿಪ್ಸ್ ಹೂವಿನೊಳಗೆ ಸೇರಿ ರಸ ಹೀರಿ ದಕ್ಷಿಣ ಭಾರತದ ಮೆಣಸಿನಕಾಯಿ ಪ್ರದೇಶಗಳನ್ನು ಹಾಳುಗೆಡವಿತು. ಔಷಧಿಯ ಮೇಲೆ ಔಷಧಿ ಹೊಡೆದರೂ ಹೂ ಉದುರುವಾಗ ಗಿಡ ಕಿತ್ತು, ಎರೆ ಭೂಮಿಯ ಹಸಿ ಆರುವ ಮೊದಲೇ ಕಡಲೆ ಅಥವಾ ಬಿಳಿಜೋಳ ಬಿತ್ತುವುದು ಉಳಿದಿದ್ದ ದಾರಿ. ಹಿಂಗಾರು ಬಿತ್ತನೆಯ ಕಾಲ ಮೀರಿದರೆ ಆ ದಾರಿಯೂ ಮುಚ್ಚಿಹೋಗುತ್ತದೆ. ಕೊಯ್ಲಾದ ಮೇಲೂ ನಿರ್ಧಾರ ಮುಗಿಯುವುದಿಲ್ಲ: ಕೂಡಲೇ ಬ್ಯಾಡಗಿ ಮಾರುಕಟ್ಟೆಗೆ ಒಯ್ಯಬೇಕೆ, ಬಾಡಿಗೆ ಕಟ್ಟಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕೆ? 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ, ಈ ಆಯ್ಕೆಯ ಹಿಂದಿರುವ ಒತ್ತಡ ಎಂಥದ್ದೆಂದು ತೋರಿಸಿತು.

ವಿಧಾನ ಮತ್ತು ಮಿತಿ

ನಿಲ್ಲಿಸುವ ಗೆರೆಯನ್ನು ಹಣ ಮಣ್ಣಿಗೆ ಬೀಳುವ ಮೊದಲೇ ಎಳೆಯುವುದು ಮುಖ್ಯ ಸೂತ್ರ. ಇಂಥ ದಿನದೊಳಗೆ ಸಮಿತಿಯ ತೀರ್ಮಾನ ಬಾರದಿದ್ದರೆ ಸಸಿಮಡಿ ಇಲ್ಲ, ಇಷ್ಟು ಸಲ ಔಷಧಿ ಹೊಡೆದರೂ ಹತೋಟಿಗೆ ಬಾರದಿದ್ದರೆ ಗಿಡ ಕೀಳುವುದು, ಇಷ್ಟು ಬೆಲೆ ಸಿಕ್ಕರೆ ಮಾರುವುದು ಎಂದು ಮನೆಯವರೆಲ್ಲ ಮೊದಲೇ ಒಪ್ಪಿಕೊಂಡಿರಬೇಕು. ಎಲ್ಲ ಎಕರೆಗೂ ಭತ್ತ ಹಾಕುವ ಬದಲು ಒಂದಷ್ಟಕ್ಕೆ ಕಡಿಮೆ ನೀರಿನ ಬೆಳೆ ಹಾಕಿದರೆ ನಿರ್ಧಾರ ತಪ್ಪಿದಾಗಲೂ ಒಂದು ಆಸರೆ ಉಳಿಯುತ್ತದೆ.

ಆದರೆ ಕೈಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿಲ್ಲ. ಗುತ್ತಿಗೆಯ ಹಣ ಮುಂಗಡ ಕೊಟ್ಟವನಿಗೆ, ಅಂಗಡಿಯಲ್ಲಿ ಗೊಬ್ಬರ ಸಾಲ ತಂದವನಿಗೆ ಗದ್ದೆ ಬೀಳು ಬಿಡುವುದು ದಿವಾಳಿಗೆ ಸಮ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಹವಾಮಾನ ವೈಪರೀತ್ಯದಿಂದ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ 25ರವರೆಗೆ ಪರಿಹಾರಕ್ಕೆ ಅವಕಾಶವಿದೆ. ಹಿಂದೆ ಸರಿದವನಿಗೂ ಆಸರೆ ಬೇಕೆಂಬ ತತ್ವ ಅದರಲ್ಲಿದೆ. ಕಾಲುವೆ ನೀರಿನ ವಿಷಯಕ್ಕೂ ಆ ತತ್ವ ವಿಸ್ತರಿಸಬೇಕು. ನೀರಿಲ್ಲ ಎಂಬ ಮಾತನ್ನು ಸಸಿಮಡಿಗೆ ಮೊದಲೇ, ಹಳ್ಳಿಹಳ್ಳಿಗೆ ಮುಟ್ಟುವಂತೆ ಹೇಳಿದರೆ ರೈತ ಬೇರೆ ಬೆಳೆಗೆ ತಿರುಗಬಲ್ಲ. ನಾಟಿಯಾದ ಮೇಲೆ ಬಂದರೆ ಅದೇ ಮಾತು ಅವನ ಪಾಲಿಗೆ ನಷ್ಟದ ಸುದ್ದಿಯಷ್ಟೇ.